ಹೆಚ್ಚಿಗೆ ಎರಡು ಪಟ್ಟಿ

ಎಲ್ಲ ರಗಳೆಗೂ ಮೂಲ ಒಂದು ಫೋನು. ಕೋಳಿಗೂ ಮೊದಲೇ ಎದ್ದು ಆಸ್ಪತ್ರೆಯಿಂದ ಬೀರಣ್ಣ ಗುಡುಗಿದ: "ಪುಟ್ಟಾ, ಇಲ್ಲಿ ಡಾಕ್ಟರು ಮಾಡೋದೆಲ್ಲ ಮುಗೀತಂತೆ. ಮಧ್ಯಾಹ್ನ ಬಂದು ಮನೆಗೆ ಕರ್ಕೊಂಡು ಹೋಗು. ಮೊದಲು ವ್ಯಾನಿನ ಹಿಂದಿನ ಕಮಾನು ಗಟ್ಟಿ ಮಾಡಿಸು. ಮರೀಬೇಡ."

ಬೀರಣ್ಣ ಎಂದರೆ ಯಾರೆಂದುಕೊಂಡಿರಿ? ಹೆತ್ತವರು ಇಟ್ಟ ಹೆಸರು ಅವನಿಗೇ ಮರೆತಿತ್ತು. ಅವನದೂ ತಮ್ಮ ಪುಟ್ಟನದೂ ಮನೆ ಸಾಮಾನು ಸಾಗಿಸುವ ಕಸುಬು. ಒಮ್ಮೆ ಕಬ್ಬಿಣದ ಬೀರುವನ್ನು ಅಣ್ಣ ಒಬ್ಬನೇ ಬೆನ್ನಿಗೇರಿಸಿ ಮೂರು ಮಹಡಿ ಹತ್ತಿದ, ಅಂದಿನಿಂದ ಬೀರಣ್ಣನಾದ. ಬೀರುವಿನೊಳಗೆ ಬಟ್ಟೆ, ಬಟ್ಟೆಯ ನಡುವೆ ಆ ಮನೆಯ ಬೆಕ್ಕು ಮಲಗಿತ್ತು. ಅದಕ್ಕೆ ಎಚ್ಚರವೇ ಆಗಲಿಲ್ಲ. ನಾನು ಉಪ್ಪು ಖಾರ ಹಚ್ಚಿ ಹೇಳುವವನಲ್ಲ, ಬೇಕಾದರೆ ಆ ಬೆಕ್ಕನ್ನೇ ಕೇಳಿ. ಅವನು ವ್ಯಾನಿನ ಹಿಂಬದಿಗೆ ಹತ್ತಿದರೆ ಮುಂದಿನ ಚಕ್ರಗಳು ಆಕಾಶ ನೋಡುತ್ತಿದ್ದವು. ಸ್ಟೀರಿಂಗ್ ಹಿಡಿದ ತಮ್ಮ ಪುಟ್ಟ, ಐವತ್ತು ದಾಟಿದರೂ ಕಡ್ಡಿಯಂತೆಯೇ ಉಳಿದ ಆಸಾಮಿ, "ಅಣ್ಣಾ, ಸ್ವಲ್ಪ ಮುಂದೆ ಸರಿಯೋ, ರಸ್ತೆ ಕಾಣ್ತಿಲ್ಲ" ಎಂದು ಅಂಗಲಾಚುತ್ತಿದ್ದ.

ಎರಡು ತಿಂಗಳಿಂದ ಬೀರಣ್ಣ ದೂರದ ದೊಡ್ಡಾಸ್ಪತ್ರೆಯಲ್ಲಿದ್ದ. ಜೊತೆಗೆ ಅತ್ತಿಗೆ. ಪುಟ್ಟ ನೋಡಲು ಬರುತ್ತೇನೆಂದಾಗಲೆಲ್ಲ "ಬಾಡಿಗೆ ಬಿಟ್ಟು ಬಂದ್ರೆ ಕಾಲು ಮುರೀತೀನಿ" ಎಂಬ ಗರ್ಜನೆ. ಆ ದನಿ ಕೇಳಿದರೆ ಕಾಯಿಲೆಯೇ ಹೆದರಿ ಓಡಿಹೋಗಿರಬೇಕು ಅನ್ನಿಸುತ್ತಿತ್ತು. ಆದರೆ ಈ ಬೆಳಿಗ್ಗೆ ಅತ್ತಿಗೆ ಫೋನು ಕಸಿದುಕೊಂಡು ಮೆಲ್ಲಗೆ ಹೇಳಿದಳು: "ಮೂಳೆಗೆ ಹಬ್ಬಿದೆಯಪ್ಪಾ. ಒಂದು ಕುಲುಕೂ ತಡೆಯಲ್ಲ. ಹೂವಿನ ಹಾಗೆ ತರಬೇಕು ನೀನು."

ಪುಟ್ಟ ವ್ಯಾನನ್ನು ನೇರ ಗ್ಯಾರೇಜಿಗೆ ಓಡಿಸಿದ. ಮೇಸ್ತ್ರಿ ಹಿಂದಿನ ಚಕ್ರದ ಬಳಿ ತೂರಿ, ಭಾರ ಹೊರುವ ಕಮಾನಿನ, ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳನ್ನು ತಟ್ಟಿ ನೋಡಿ, "ಆ ಕಡೆ ಈ ಕಡೆ ಒಂದೊಂದು ಪಟ್ಟಿ ಹೆಚ್ಚಿಗೆ ಹಾಕಿದ್ರೆ ಸಾಕು" ಎಂದ.

ಅಷ್ಟರಲ್ಲಿ ಬೀದಿಯೇ ಅಲ್ಲಿ ಸೇರಿತ್ತು.

"ಒಂದಾ? ಯಾರು ಬರ್ತಿರೋದು ಅಂತ ಗೊತ್ತೇನ್ರೀ?" ಎಂದ ಬೇಕರಿಯವನು. "ಅವನು ಕೂತು ಹೋದ ನನ್ನ ಬೆಂಚು ಇನ್ನೂ ಬಾಗೇ ಇದೆ."

"ಅವನ ಸೊಂಟ ಅಳೆಯೋಕೆ ನಾನು ಟೇಪಿಗೆ ಟೇಪು ಗಂಟು ಹಾಕ್ತಿದ್ದೆ. ಎರಡು ಹಾಕು" ಎಂದ ದರ್ಜಿ.

"ಮೂರು ಹಾಕಪ್ಪಾ" ಎಂದಳು ಎದುರುಮನೆ ಚಿಕ್ಕಮ್ಮ. "ಕಬ್ಬಿಣ ಸಾಲದಿದ್ರೆ ನಮ್ಮನೆ ಕಿಟಕಿ ಸರಳು ಬಿಚ್ಕೊಡ್ತೀನಿ."

ಮೇಸ್ತ್ರಿ ಎರಡಕ್ಕೆ ಒಪ್ಪಿದ. ಬೋಲ್ಟು ಬಿಗಿದು ಕೈ ಒರೆಸಿಕೊಳ್ಳುತ್ತ, "ನೋಡು ಪುಟ್ಟ, ಭಾರ ಇದ್ರೆ ಇದು ತೊಟ್ಟಿಲು. ಖಾಲಿ ಇದ್ರೆ ಕತ್ತೆ, ಒದ್ದು ಬಿಸಾಕತ್ತೆ" ಎಂದ.

"ಖಾಲಿನಾ? ನಮ್ಮಣ್ಣ ಹತ್ತಿದ ಮೇಲೆ ಖಾಲಿ ಎಲ್ಲಿಂದ ಬಂತು!" ಪುಟ್ಟ ನಕ್ಕ. ಎಲ್ಲರೂ ನಕ್ಕರು.

ಬೀರಣ್ಣನನ್ನು ಎತ್ತಲು ಊರೇ ಬೇಕೆಂದು ಊರೇ ವ್ಯಾನು ಹತ್ತಿತು. ಬೇಕರಿಯವನು, ದರ್ಜಿ, ಚಿಕ್ಕಮ್ಮ, ಅವಳ ಮೂವರು ಸೊಸೆಯರು, ಕೆಲಸವಿಲ್ಲದ ಇನ್ನಷ್ಟು ಮಂದಿ. ವ್ಯಾನು ವಿನಯದಿಂದ ಕುಸಿದು ತೇಲಿತು. ಗುಂಡಿಯೊಳಗೆ ಇಳಿದೇಳುವಾಗಲೇ ದರ್ಜಿ ಸೂಜಿಗೆ ದಾರ ಪೋಣಿಸಿ ತೋರಿಸಿದ. ಚಿಕ್ಕಮ್ಮ ಗೊರಕೆ ಹೊಡೆದಳು.

ಆಸ್ಪತ್ರೆಯ ಬಾಗಿಲಲ್ಲಿ ಬೇಕರಿಯವನು ತೋಳು ಮಡಚಿದ. ದರ್ಜಿ ಸೊಂಟಕ್ಕೆ ಟವೆಲು ಬಿಗಿದ. ಅತ್ತಿಗೆ ಗಾಲಿಕುರ್ಚಿ ತಳ್ಳಿಕೊಂಡು ಬಂದಳು. ಕುರ್ಚಿಯಲ್ಲಿ ಒಂದು ಕಂಬಳಿ ಇತ್ತು. ಕಂಬಳಿಯೊಳಗಿಂದ ಗುಡುಗು ಬಂತು: "ಏನ್ರೋ, ಮೆರವಣಿಗೆ ಹೊರಟಿದೀರಾ?"

ಬೇಕರಿಯವನು ಮಡಚಿದ ತೋಳನ್ನು ಮೆಲ್ಲಗೆ ಬಿಡಿಸಿಕೊಂಡ.

ಸ್ಟೂಲಿಗಿಂತ ದೊಡ್ಡದನ್ನು ಜನ್ಮದಲ್ಲಿ ಎತ್ತದ ಪುಟ್ಟ, ಅಣ್ಣನನ್ನು ಒಬ್ಬನೇ ಎತ್ತಿ ವ್ಯಾನಿನೊಳಗೆ ಹಾಸಿಗೆಯ ಮೇಲೆ ಮಲಗಿಸಿದ. ವ್ಯಾನು ಕೂದಲೆಳೆಯಷ್ಟೂ ಕುಸಿಯಲಿಲ್ಲ.

"ರೋಗಿಗೆ ಗಾಳಿ ಆಡಬೇಕು. ನಾವು ಬಸ್ಸಲ್ಲಿ ಬರ್ತೀವಿ" ಎಂದು ಚಿಕ್ಕಮ್ಮ ಕಣ್ಣೊರೆಸುತ್ತ ದಂಡನ್ನೆಲ್ಲ ಕರೆದುಕೊಂಡು ನಡೆದುಬಿಟ್ಟಳು.

ಆಸ್ಪತ್ರೆಯ ಗೇಟಿನಲ್ಲೇ ಒಂದು ಉಬ್ಬು. ಅಂಗೈ ಎತ್ತರದ್ದು, ಅಷ್ಟೇ. ವ್ಯಾನು ಕತ್ತೆಯಂತೆ ಒದೆಯಿತು. ಹಾಸಿಗೆ, ಕಂಬಳಿ, ಬೀರಣ್ಣ ಮೂರೂ ಮೇಲೆದ್ದು ಬಿದ್ದವು. ಅತ್ತಿಗೆ ಕಿರುಚಿದಳು. ಬೀರಣ್ಣ ಕಿರುಚಲಿಲ್ಲ, ಅವನು ಹಲ್ಲು ಕಚ್ಚಿದ ಸದ್ದು ಸ್ಟೀರಿಂಗಿನವರೆಗೂ ಕೇಳಿಸಿತು.

ಪುಟ್ಟ ವೇಗ ಇಳಿಸಿದ. ಎಷ್ಟು ಇಳಿಸಿದನೆಂದರೆ ಇರುವೆಯೊಂದು ಹಿಂದಿನಿಂದ ಬಂದು, ಬೈದು, ಮುಂದೆ ಹೋಯಿತು. ಆದರೂ ಕಡಲೆಕಾಳಿನಂಥ ಕಲ್ಲಿಗೂ ವ್ಯಾನು ಒದೆಯುತ್ತಿತ್ತು. ಪ್ರತಿ ಒದೆತಕ್ಕೂ ಪುಟ್ಟ "ಅಣ್ಣಾ, ಅಣ್ಣಾ" ಎನ್ನುತ್ತಿದ್ದ. ಬಸ್ ನಿಲ್ದಾಣ ಕಂಡಿದ್ದೇ ಬ್ರೇಕು ಹಾಕಿ ಹಾರಿ ಇಳಿದ.

"ಹತ್ತಿ! ಎಲ್ಲರೂ ಹತ್ತಿ!"

"ಬೇಡಪ್ಪಾ, ಪಾಪ, ಗಾಳಿ..."

"ಗಾಳಿ ಅಲ್ಲ ಚಿಕ್ಕಮ್ಮಾ ಬೇಕಿರೋದು, ಭಾರ! ನಿಮ್ಮ ಭಾರ ಬೇಕು!"

ತನ್ನ ತೂಕದ ಮಾತೆತ್ತಿದವರ ಮನೆ ಹೊಸ್ತಿಲು ತುಳಿಯದ ಚಿಕ್ಕಮ್ಮ ಅಂದು ಸೆರಗು ಸಿಕ್ಕಿಸಿ, "ನಾನು ಕಾಣೋದಕ್ಕಿಂತ ಜಾಸ್ತಿನೇ ಇದ್ದೀನಿ, ಚಕ್ರದ ಮೇಲೆ ಸರಿಯಾಗಿ ಕೂರಿಸು" ಎಂದಳು. ದರ್ಜಿ ದಾರಿಬದಿಯ ಕಲ್ಲೆರಡನ್ನು ತೊಡೆಯ ಮೇಲಿಟ್ಟುಕೊಂಡ. ಬಸ್ಸಿಗೆ ಕಾಯುತ್ತಿದ್ದ ಅಪರಿಚಿತರಿಬ್ಬರು, ವಿಷಯವೇನೆಂದೂ ಕೇಳದೆ ಹತ್ತಿ ಕೂತರು. ವ್ಯಾನು ಕುಸಿಯಿತು. ಮತ್ತೆ ತೊಟ್ಟಿಲಾಯಿತು. ಅಷ್ಟೂ ಮಂದಿಯ ಮೊಣಕಾಲುಗಳ ನಡುವೆ ಬೀರಣ್ಣ ಮನೆಯವರೆಗೂ ನಿದ್ದೆ ಮಾಡಿದ.

ಮನೆಯ ಮುಂದೆ ಒಬ್ಬೊಬ್ಬರಾಗಿ ಇಳಿದರು. ಅತ್ತಿಗೆ ಹಾಸಿಗೆ ಹಾಸಲು ಒಳಗೆ ಓಡಿದಳು. ವ್ಯಾನಿನಲ್ಲಿ ಅಣ್ಣ ತಮ್ಮ ಇಬ್ಬರೇ ಉಳಿದರು.

"ತಪ್ಪಾಯ್ತಣ್ಣಾ" ಎಂದ ಪುಟ್ಟ. "ನೀನು ಇಷ್ಟು ಇಳಿದಿದ್ದೀಯ ಅಂತ ಗೊತ್ತಿದ್ರೆ ಕಮಾನು ಮುಟ್ಟಿಸ್ತಾನೇ ಇರಲಿಲ್ಲ. ನಾಳೆ ಬೆಳಿಗ್ಗೇನೇ ಆ ಪಟ್ಟಿಗಳನ್ನ ಬಿಚ್ಚಿಸ್ತೀನಿ."

"ಬಿಚ್ಚಿಸಿದ್ರೆ ಕಾಲು ಮುರೀತೀನಿ."

"ಅಲ್ಲ, ನಿನಗೋಸ್ಕರ ತಾನೇ ಹಾಕಿಸಿದ್ದು?"

"ದಡ್ಡ. ನಾನೆಷ್ಟು ಇಳಿದಿದ್ದೀನಿ ಅಂತ ನನಗೆ ಗೊತ್ತಿರಲಿಲ್ವಾ? ನಾನು ಬರೋದಕ್ಕೆ ಗಟ್ಟಿ ಮಾಡಿಸು ಅಂದೆ ಅಂದ್ಕೊಂಡ್ಯಾ?" ಬೀರಣ್ಣ ಗದ್ದ ಎತ್ತಿ ಹೊರಗೆ ನಿಂತವರನ್ನು ತೋರಿಸಿದ. "ಇನ್ನೊಂದು ಸಲ, ಕೊನೇ ಸಲ, ನಾನು ಇದೇ ಗಾಡೀಲಿ ಹೋಗೋದಿದೆಯಲ್ಲ. ಅವತ್ತು ಇವರಲ್ಲಿ ಒಬ್ಬರೂ ಬಸ್ಸಲ್ಲಿ ಬರಲ್ಲ ಕಣೋ, ಎಲ್ಲ ಇದಕ್ಕೇ ಹತ್ತುತ್ತಾರೆ. ದಾರಿ ಮಧ್ಯೆ ಕಮಾನು ಮುರಿದು ಮಾನ ಕಳೀಬೇಡ ಅಂತ ಹೇಳಿದ್ದು."

ಪುಟ್ಟ ಬಗ್ಗಿ ಅಣ್ಣನ ಬೆನ್ನಡಿಗೆ ಕೈ ಹಾಕಿದ. ಎತ್ತಲು ನೋಡಿದ, ಆಗಲಿಲ್ಲ. ಮತ್ತೊಮ್ಮೆ ನೋಡಿದ.

"ಪುಟ್ಟಾ, ಇನ್ನೂ ಏನೋ ಮಾಡ್ತಿದ್ದೀಯ ಒಳಗೆ?" ಚಿಕ್ಕಮ್ಮ ಹೊರಗಿನಿಂದ ಕೂಗಿದಳು. "ಜನ ಬೇಕಾ?"

"ಬನ್ನಿ" ಎಂದ ಪುಟ್ಟ. "ಎಲ್ಲರೂ ಬನ್ನಿ. ತುಂಬಾ ಭಾರ."