ಹೊಸ ಮಾಷ್ಟ್ರು ಬಂದ ದಿನ ಕಲಿಸಿದ ವಿರುದ್ಧ ಪದಗಳು

ಪುಸ್ತಕದಲ್ಲಿ ಯಾವ ಪದ ಕಲಿಸುತ್ತೇನೋ ಅದೇ ಬಂದು ನನ್ನ ತಲೆಯ ಮೇಲೆ ಬೀಳುವುದು ಈ ಕೆಲಸಕ್ಕೆ ಸೇರಿದಂದಿನಿಂದ ನಡೆದೇ ಇದೆ. 'ಅಂಬ್ರೆಲಾ' ಬರೆಸಿದ ದಿನ ನನ್ನ ಕೊಡೆ ಬಸ್ಸಿನಲ್ಲೇ ಉಳಿಯಿತು. 'ಡಾಗ್' ಬರೆಸಿದ ದಿನ ಗೇಟಿನ ತನಕ ಓಡಿದ್ದೆ. ಆದರೆ ಆ ಮಳೆಗಾಲದ ದಿನದಷ್ಟು ಬೆವರು ಇಳಿಸಿದ್ದು ಬೇರಾವುದೂ ಇಲ್ಲ.

ನಾನು ಕಡಬದಿಂದ ಸ್ವಲ್ಪ ಒಳಗಿರುವ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಅತಿಥಿ ಶಿಕ್ಷಕಿ. ಅತಿಥಿ ಎಂಬ ಹೆಸರಿಗೆ ಮರುಳಾಗಬೇಡಿ. ನಮ್ಮ ಕಡೆ ಮನೆಗೆ ಬಂದ ಅತಿಥಿಯನ್ನು ಊಟ ಮಾಡದೆ ಹೋಗಲು ಬಿಡುವುದಿಲ್ಲ. ಶಾಲೆಯ ಅತಿಥಿಯ ಕಥೆ ಬೇರೆ. ಕಾಯಂ ಮಾಷ್ಟ್ರು ಬಂದರೆಂದರೆ ಊಟದ ಡಬ್ಬಿ ಬಿಚ್ಚದಿದ್ದರೂ ಸರಿ, ಎದ್ದು ಹೋಗಬೇಕು.

ಆ ಬೆಳಿಗ್ಗೆ ಎಂಟನೇ ಕ್ಲಾಸಿನ ಬೋರ್ಡಿನಲ್ಲಿ 'ಎಸ್ಕೇಪ್', 'ಲೀವ್' ಎಂದು ಬರೆದು, ಅವಕ್ಕೆ ವಿರುದ್ಧ ಪದಗಳನ್ನು ಹೇಳಿಸುತ್ತಿದ್ದೆ. ಶಾಲೆಯ ಬಿಸಿಯೂಟದ ಅಡುಗೆಯ ಅಕ್ಕ ಬಾಗಿಲಲ್ಲಿ ನಿಂತು, "ಟೀಚರ್, ಹೊಸ ಮಾಷ್ಟ್ರು ಬರ್ತಾರಂತೆ. ಕಾಯಂ ಅಂತೆ. ಇವತ್ತೇ ಅಂತೆ" ಎಂದರು.

ಬಿ.ಎಡ್. ಮಾಡಿ ಅಲೆದಲೆದು ಸಿಕ್ಕಿದ ಕೆಲಸ ಇದು. ಇದು ಹೋದರೆ ಮತ್ತೆ ಸುಳ್ಯದ ಬಟ್ಟೆಯಂಗಡಿಯಲ್ಲಿ ಸೀರೆ ಬಿಡಿಸಿ ಮಡಚಬೇಕು.

ಅರೈವ್

ಪುತ್ತೂರಿನ ಕಡೆಯಿಂದ ಬಂದ ಬಸ್ಸಿನಿಂದ ಇಳಿದವರು ಅಂಗಡಿಯವರಲ್ಲಿ ಶಾಲೆ ಎಷ್ಟು ದೂರ ಎಂದು ಕೇಳಿದ್ದಾರೆ. "ಇಲ್ಲೇ, ಹತ್ತಿರ. ತೋಟದ ದಾರಿ ಹಿಡೀರಿ" ಎಂದು ಉತ್ತರ ಬಂದಿದೆ. ದಾರಿಯಲ್ಲಿ ತೋಡು ತುಂಬಿ ಹರಿಯುತ್ತಿದೆ, ದಾಟಲು ಇರುವುದು ಅಡಿಕೆ ಮರ ಹಾಸಿದ ಸಂಕ ಮಾತ್ರ ಎಂಬುದನ್ನೆಲ್ಲ ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಅದು ಹೇಳುವಂಥ ವಿಷಯ ಎಂದು ಯಾರಿಗೂ ಅನಿಸಿಲ್ಲ.

ಕ್ಲಾಸಿಗೇ ಕೇಳಿಸಿತು: "ಹೆಲ್ಪ್ ಮಿ! ಪ್ಲೀಸ್, ಸಮ್‌ಬಡಿ ಹೆಲ್ಪ್ ಮಿ!"

ಓಡಿ ಹೋಗಿ ನೋಡಿದರೆ ಸಂಕದ ನಟ್ಟನಡುವೆ ಒಬ್ಬರು ಶೂಗಳನ್ನು ಕುತ್ತಿಗೆಗೆ ನೇತುಹಾಕಿಕೊಂಡು ಕುಕ್ಕರುಗಾಲಿನಲ್ಲಿ ಕೂತಿದ್ದಾರೆ. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಅಷ್ಟು ಶುದ್ಧ ಇಂಗ್ಲಿಷಿನಲ್ಲಿ ಹೆದರುವವರು ಇನ್ಯಾರು? ನನ್ನ ಜಾಗಕ್ಕೆ ಬಂದವರು ಇವರೇ ಎಂದು ಖಾತ್ರಿಯಾಯಿತು.

ಒಂದು ಗಳಿಗೆ ಸುಮ್ಮನೆ ನಿಂತೆ. ದೇವರಾಣೆ, ಒಂದೇ ಗಳಿಗೆ. ಆಮೇಲೆ ಕೊಡೆಯ ಹಿಡಿಯನ್ನು ಮುಂದೆ ಚಾಚಿ, "ಕೆಳಗೆ ನೋಡ್ಬೇಡಿ ಸರ್. ನನ್ನನ್ನೇ ನೋಡಿ, ಮೆಲ್ಲ ಬನ್ನಿ" ಎಂದೆ. ನನ್ನ ಅನ್ನ ಕಸಿಯಲು ಬಂದವರನ್ನು ನಾನೇ ಕೈಹಿಡಿದು ದಡ ಸೇರಿಸಿದೆ.

ಅವರ ಕಾಲು ನೆಲ ಮುಟ್ಟಿದ್ದೇ ತಡ, ನನ್ನ ಹಿಂದೆಯೇ ಓಡಿ ಬಂದಿದ್ದ ಇಡೀ ಎಂಟನೇ ಕ್ಲಾಸು ಚಪ್ಪಾಳೆ ತಟ್ಟಿ ಒಕ್ಕೊರಲಿನಿಂದ ಕೂಗಿತು: "ಅರೈವ್ಡ್, ಟೀಚರ್!"

ಎಂಟರ್

ಸ್ಟಾಫ್ ರೂಮಿನಲ್ಲಿ ವಿಚಾರಣೆ ಶುರುವಾಯಿತು. ಊರು ಯಾವುದು? ಘಟ್ಟದ ಮೇಲೆ. ಮನೆ ಸ್ವಂತದ್ದಾ? ಅಪ್ಪ ಎಂತ ಮಾಡುದು? ಅಣ್ಣ ತಮ್ಮಂದಿರು ಉಂಟಾ? ಮದುವೆ ಆಗಿದೆಯಾ? ಯಾಕೆ ಆಗಲಿಲ್ಲ? ಅವರ ಅಜ್ಜಿಯ ಮಂಡಿನೋವಿನ ತನಕ ಮಾತು ಹೋಗಿ ಮುಟ್ಟಿತು.

ಅವರು ಮಾತ್ರ ಗಡಿಯಾರವನ್ನೇ ನೋಡುತ್ತಿದ್ದರು. "ಕೆಲಸಕ್ಕೆ ಸೇರ್ಕೊಳ್ಳೋಕೆ ಇವತ್ತೇ ಕೊನೇ ದಿನ ಮೇಡಂ. ಐದು ಗಂಟೆಯೊಳಗೆ ಹೆಡ್‌ಮಾಸ್ಟರ್ ಮುಂದೆ ಸಹಿ ಹಾಕ್ಬೇಕು. ಎಲ್ಲಿದಾರೆ ಅವರು?"

ಹೆಡ್‌ಮಾಷ್ಟ್ರು ಶಾಲೆಯ ಪಕ್ಕದ ಹೊಸ ಮನೆಯ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ ಹೋಗಿದ್ದರು. ನಮಗೆಲ್ಲ ಅಲ್ಲೇ ಊಟದ ಕರೆ ಇತ್ತು. "ಅಲ್ಲಿಗೇ ಹೋಗುವ, ಬನ್ನಿ" ಎಂದು ಪಿ.ಟಿ. ಮಾಷ್ಟ್ರು ಹೊಸಬರ ಬ್ಯಾಗನ್ನು ತಾವೇ ಹೆಗಲಿಗೇರಿಸಿದರು. ಅವರ ಆ ಪ್ರೀತಿ ನೋಡಿ ನನಗೆ ಮೈ ಉರಿಯಿತು. ನಿನ್ನೆಯಷ್ಟೇ ನನ್ನ ಡಬ್ಬಿಯ ಚಟ್ನಿ ಬಳಿದು ತಿಂದವರು!

ಹೆಡ್‌ಮಾಷ್ಟ್ರಂತೂ ಹೊಸಬರನ್ನು ಕಂಡದ್ದೇ ಎರಡೂ ಕೈ ಹಿಡಿದುಕೊಂಡರು. "ಅಬ್ಬ, ಬಂದ್ರಾ! ನಮ್ಮ ಕಷ್ಟ ಮುಗೀತು ಮಾರಾಯ್ರೆ!"

ಇಷ್ಟು ವರ್ಷ ನಾನು ಇವರಿಗೆ ಕಷ್ಟವಾಗಿದ್ದೆನಾ? ಅಳಲು ಒಂದು ಮೂಲೆ ಸಿಕ್ಕಿದ್ದರೆ ಸಾಕಿತ್ತು. ಆದರೆ ಒಕ್ಕಲಿನ ಮನೆಯಲ್ಲಿ ಮೂಲೆ ಎಲ್ಲಿ? ಮನೆಯ ಯಜಮಾನರು ನಮ್ಮಿಬ್ಬರನ್ನೂ ಎಳೆದುಕೊಂಡು ಹೋಗಿ ಕೋಣೆ ಕೋಣೆ ತೋರಿಸಿದರು. ಕೊನೆಗೆ ಬಚ್ಚಲಿನಲ್ಲಿ ನಿಲ್ಲಿಸಿ ಕೇಳಿದರು: "ಟೈಲ್ಸ್ ಹೇಗುಂಟು ಟೀಚರ್? ಕಣ್ಣಲ್ಲಿ ನೀರು ಬಂತಲ್ಲ ನಿಮಗೆ!"

ಸ್ಟೇ

"ಊಟ ಮಾಡಿಯೇ ಸಹಿ" ಎಂದರು ಹೆಡ್‌ಮಾಷ್ಟ್ರು. ನಮ್ಮಲ್ಲಿ ಪಂಕ್ತಿಯಲ್ಲಿ ಕೂತವರು ತಮ್ಮದು ಮುಗಿಯಿತೆಂದು ಏಳುವ ಹಾಗಿಲ್ಲ. ಎಲ್ಲರ ಊಟ ಮುಗಿಯಬೇಕು, ಹಿರಿಯರು ಎದ್ದ ಮೇಲೆ ಪಂಕ್ತಿ ಏಳಬೇಕು. ಘಟ್ಟದ ಮೇಲಿನವರಿಗೆ ಇದು ಗೊತ್ತಿರಲಿಲ್ಲವೋ ಏನೋ, ಗಬಗಬ ಉಂಡು ಅರ್ಧ ಎದ್ದರು.

"ಹ್ಞಾಂ! ಕೂತ್ಕೊಳ್ಳಿ!" ಎಂದು ಇಡೀ ಪಂಕ್ತಿ ಕೂಗಿತು. ಗಾಬರಿಯಿಂದ ಕೂತರು. ಕೂತದ್ದು ಕಂಡ ಬಡಿಸುವವರು ಹೋಳಿಗೆ ಹಾಕಿದರು. "ಸಾಕು" ಎಂದರು, ಇನ್ನೊಂದು ಬಿತ್ತು. ಎರಡೂ ಕೈ ಎಲೆಗೆ ಅಡ್ಡ ಹಿಡಿದರು, ಕೈಯ ಮೇಲೆಯೇ ತುಪ್ಪ ಬಿತ್ತು.

ಪಂಕ್ತಿಯ ತುದಿಯಲ್ಲಿ ಆ ಮನೆಯ ಅಜ್ಜ ಕೂತಿದ್ದರು. ಒಂದು ತುತ್ತಿಗೆ ಒಂದು ಕಥೆ. ಮಜ್ಜಿಗೆ ಬಂತು, ಕಥೆ ಮುಗಿಯಲಿಲ್ಲ. ಗಂಟೆ ಮೂರು ದಾಟಿತು. ಹೊಸಬರು ಬೆವರುತ್ತಿದ್ದರು. ನಾನು ಮನಸ್ಸಿನಲ್ಲೇ, ಅಜ್ಜಾ, ಇನ್ನೊಂದು ಕಥೆ ಹೇಳಿ ಎಂದು ಬೇಡುತ್ತಿದ್ದೆ. ಹಾಗೆ ಬೇಡಿಕೊಂಡದ್ದಕ್ಕೆ ನನಗೇ ನಾಚಿಕೆಯೂ ಆಗುತ್ತಿತ್ತು.

ಅಜ್ಜ ಕೊನೆಗೂ ಕೈ ಊರಿ ಏಳಹೊರಟವರು, ಹೊಸಬರನ್ನು ನೋಡಿ ಮತ್ತೆ ಕೂತರು. "ಪಾಪ, ಘಟ್ಟದಿಂದ ಬಂದವರು. ಅವರ ಹೊಟ್ಟೆ ತುಂಬಿದ ಹಾಗೆ ಕಾಣುದಿಲ್ಲ. ಇನ್ನೊಮ್ಮೆ ಪಾಯಸ ತನ್ನಿ!"

ಕ್ಯಾಪ್ಚರ್

ಶಾಲೆಗೆ ಮರಳುವಾಗ ಮಕ್ಕಳು ಮನೆಗೆ ಹೊರಟಿದ್ದರು. ಹೆಡ್‌ಮಾಷ್ಟ್ರು ಮೊದಲು ಆಫೀಸಿಗೆ ಹೋಗಿ ಹಾಜರಿ ಪುಸ್ತಕ ತೆಗೆದರು. ಹೊಸಬರು ಒಳಗೆ ಕಾಲಿಡಬೇಕು, ಅಷ್ಟರಲ್ಲಿ ಪಕ್ಕದ ಬೇಲಿಯಿಂದ ಒಂದು ನಾಗರಹಾವು ಮೆಲ್ಲನೆ ಬಂದು ಹೊಸ್ತಿಲಿನ ಉದ್ದಕ್ಕೂ ಮಲಗಿತು.

ಹೊಸಬರು ಜಗಲಿಯ ಮೂಲೆಯಲ್ಲಿದ್ದ ಕೋಲಿಗೆ ಕೈ ಹಾಕಿದರು. "ಹೊಡೀಬೇಡಿ ಮಾರಾಯ್ರೆ! ನಾಗ ಅದು!" ಎಂದು ಹೆಡ್‌ಮಾಷ್ಟ್ರು ಕುರ್ಚಿಯ ಮೇಲೆ ಕಾಲೆತ್ತಿಕೊಂಡು ಕೈ ಮುಗಿದರು. ಪಿ.ಟಿ. ಮಾಷ್ಟ್ರು ಕೋಲು ಕಿತ್ತುಕೊಂಡರು.

"ಹಾಗಾದ್ರೆ ಓಡಿಸಿ!"

"ಓಡಿಸ್ಲಿಕ್ಕೆ ಉಂಟಾ? ಅದು ಹೋಗುವಾಗ ಹೋಗ್ತದೆ" ಎಂದರು ಅಡುಗೆಯ ಅಕ್ಕ. "ಅವಸರ ಎಂತ?"

ಗಂಟೆ ನಾಲ್ಕೂವರೆ. ಹಾವು ಅಲುಗಲಿಲ್ಲ. ನಾಗನೇ ನನ್ನ ಪರವಾಗಿ ಬಂದಿದ್ದಾನೆ ಎಂದು ನಾನೂ ಕೈ ಮುಗಿದೆ. ಹೊಸಬರು ಅಂಗಳದಲ್ಲಿ ಕುಸಿದು ಕೂತು, ನನ್ನ ಸ್ಥಿತಿ ತಿಳಿಯದೆ, ನನ್ನಲ್ಲೇ ಹೇಳಿಕೊಂಡರು: "ನಾನೂ ವರ್ಷಗಟ್ಟಲೆ ಅತಿಥಿ ಶಿಕ್ಷಕನೇ ಮೇಡಂ. ಪ್ರತಿ ಸಲ ಕಾಯಂನವರು ಬಂದಾಗ ಬ್ಯಾಗ್ ಎತ್ಕೊಂಡು ಹೋದೋನು. ಮೊದಲನೇ ಸಲ ನನಗೇ ಕಾಯಂ ಆಗಿದೆ. ಇವತ್ತು ತಪ್ಪಿದ್ರೆ ಮತ್ತೆ ಅದೇ ಗತಿ."

ಅಯ್ಯೋ ದೇವರೇ, ಅದನ್ನು ನನಗೇ ಹೇಳಬೇಕಿತ್ತಾ? ತಡೆಯಲಾಗಲಿಲ್ಲ. "ಸಾರ್, ಕಿಟಕಿ ಉಂಟಲ್ಲ! ಪುಸ್ತಕವನ್ನು ಕಿಟಕಿಯಿಂದ ಕೊಡಿ!" ಎಂದು ನಾನೇ ಕೂಗಿದೆ.

ಹೆಡ್‌ಮಾಷ್ಟ್ರು ಕುರ್ಚಿಯಿಂದ ಮೇಜಿಗೆ, ಮೇಜಿನಿಂದ ಕಿಟಕಿಗೆ ಬಂದರು. ಐದಕ್ಕೆ ಸ್ವಲ್ಪ ಇರುವಾಗ, ನನ್ನದೇ ಪೆನ್ನಿನಿಂದ ಸಹಿ ಬಿತ್ತು. ಹಾವು ಅಷ್ಟು ಹೊತ್ತು ಅದನ್ನೇ ಕಾಯುತ್ತಿದ್ದಂತೆ ತಲೆಯೆತ್ತಿ ನೋಡಿ, ಬೇಲಿಯ ಕಡೆ ಹೋಯಿತು.

ರಿಮೈನ್

ಕ್ಲಾಸಿಗೆ ಹೋಗಿ ಪುಸ್ತಕ, ಚಾಕ್ ಡಬ್ಬ, ಡಸ್ಟರ್ ತಂದು ಹೊಸಬರ ಕೈಗಿತ್ತೆ. ಅಳಬಾರದೆಂದು ಹಲ್ಲು ಕಚ್ಚಿಕೊಂಡಿದ್ದೆ. "ನಾಳೆಯಿಂದ ಎಂಟನೇ ಕ್ಲಾಸು ನಿಮ್ಮದು ಸರ್. ಹಿಂದಿನ ಬೆಂಚಿನವರನ್ನು ಜೋರು ಮಾಡ್ಬೇಡಿ, ಹೆದರಿದರೆ ಬಾಯಿಯೇ ಬಿಡುದಿಲ್ಲ ಅವರು."

ಅವರು ಪುಸ್ತಕ ತಿರುಗಿಸಿ ನೋಡಿದರು. "ಇದು ಇಂಗ್ಲಿಷ್ ಅಲ್ವಾ ಮೇಡಂ? ನನ್ನದು ಲೆಕ್ಕ."

"ಎಂತ?"

"ಲೆಕ್ಕ ಮೇಡಂ. ನಾನು ಲೆಕ್ಕದ ಮೇಷ್ಟ್ರು."

ಲೆಕ್ಕಕ್ಕೆ ಜನವಿಲ್ಲದೆ ಅಷ್ಟು ಕಾಲ ಪಿ.ಟಿ. ಮಾಷ್ಟ್ರೇ ವಿಸಿಲ್ ಊದಿ ಮಗ್ಗಿ ಹೇಳಿಸುತ್ತಿದ್ದರು. ಬೆಳಿಗ್ಗೆಯಿಂದ ಅಜ್ಜಿಯ ಮಂಡಿಯನ್ನು ವಿಚಾರಿಸಿದ ನಾವು, ಯಾವ ವಿಷಯ ಕಲಿಸುತ್ತೀರಿ ಎಂದು ಮಾತ್ರ ಕೇಳಿರಲಿಲ್ಲ. "ನನಗೆ ಗೊತ್ತಿತ್ತಲ್ಲ!" ಎಂದರು ಹೆಡ್‌ಮಾಷ್ಟ್ರು. "ನೀವು ಕೇಳಿದ್ರಾ?"

ನಾನು ಅಲ್ಲೇ ಜಗಲಿಯಲ್ಲಿ ಕೂತು ಗೊಳೋ ಎಂದು ಅತ್ತೆ. ಅಳುತ್ತಲೇ ನಕ್ಕೆ. ಎದ್ದು ಅಡುಗೆಯ ಅಕ್ಕನನ್ನು ತಬ್ಬಿಕೊಂಡು, "ಲೆಕ್ಕ ಅಂತೆ ಅಕ್ಕ, ಲೆಕ್ಕ!" ಎಂದು ಕುಣಿದೆ.

ಹೊಸ ಮಾಷ್ಟ್ರು ಕೈಯಲ್ಲಿ ಡಸ್ಟರ್ ಹಿಡಿದುಕೊಂಡು ಬಾಯಿ ಬಿಟ್ಟು ನೋಡುತ್ತಿದ್ದರು. ಆಮೇಲೆ ಅವರ ಕಣ್ಣೂ ತುಂಬಿತು. "ಇಷ್ಟು ವರ್ಷ ಎಷ್ಟೋ ಶಾಲೆ ಸುತ್ತಿದೀನಿ ಮೇಡಂ," ಎಂದರು. "ಲೆಕ್ಕದ ಮೇಷ್ಟ್ರು ಬಂದ ಅಂತ ಇಷ್ಟು ಖುಷಿಪಟ್ಟೋರನ್ನ ಇವತ್ತೇ ನೋಡಿದ್ದು!"