ಗಂಗುಲಪ್ಪನನ್ನು ಯಾರೂ ಎಬ್ಬಿಸಬಾರದು

ಅಶ್ವತ್ಥಮ್ಮ: ಕೈ ಬಿಡೇ! ಕಟ್ಕೊಂಡ ಗಂಡನ್ನ ಎಬ್ಬಿಸೋಕೂ ನಿನ್ನ ಅಪ್ಪಣೆ ಬೇಕಾ?

ಶ್ಯಾಮಲ: ಬೇಕು ಅಜ್ಜಿ. ಎಳೀಬೇಡಿ. ತಾತ ತಾವೇ ಏಳ್ತಾರೆ.

ಗಂಗುಲಪ್ಪ: ತಾತ ಏಳಲ್ಲ.

ತಾಯಲೂರಿನ ಗಂಗುಲಪ್ಪ ನಡುಮನೆಯ ಚಾಪೆಯ ಮೇಲೆ ಮಹಾರಾಜನ ಹಾಗೆ ಕೂತಿದ್ದ. ಎಂಬತ್ತಮೂರನೇ ವಯಸ್ಸಿನಲ್ಲಿ ಕೆರೆ ಏರಿಯ ಮೇಲೆ ಜಾರಿ ಕಾಲು ಮುರಿದುಕೊಂಡವನು. ಮೂಳೆ ಕೂಡಿಕೊಂಡು ವರ್ಷವಾಗುತ್ತಾ ಬಂದಿತ್ತು, ಸೋಮಾರಿತನ ಮಾತ್ರ ಹಾಗೇ ಉಳಿದಿತ್ತು. ಅವನು ನೆಲದಿಂದ ತಾನೇ ಏಳುವಂತೆ ಮಾಡಲು ಶ್ಯಾಮಲ ಒಂದು ತಿಂಗಳಿಂದ ಕೋಲಾರದಿಂದ ಬಸ್ಸು ಹಿಡಿದು ಬರುತ್ತಿದ್ದಳು. ಫಿಸಿಯೋಥೆರಪಿ ಓದುವ ಹುಡುಗಿ. ವಯಸ್ಸಾದವರ ಆರೈಕೆ ಅಂತ ಒಂದು ಪರೀಕ್ಷೆ, ಅದಕ್ಕೆ ಗಂಗುಲಪ್ಪನೇ ಕೇಸು. ಇವತ್ತು ಮೇಷ್ಟ್ರು ಬಂದು ನೋಡುತ್ತಾರೆ. ಈ ಸಲವೂ ಫೇಲಾದರೆ ಓದು ಬಿಡಿಸಿ ಮದುವೆ ಮಾಡುತ್ತೇನೆ ಅಂತ ಅವಳಪ್ಪ ಕಡ್ಡಿ ಮುರಿದ ಹಾಗೆ ಹೇಳಿದ್ದ.

ಅಶ್ವತ್ಥಮ್ಮನಿಗೆ ಹುಡುಗಿಯೆಂದರೆ ಪ್ರಾಣ. ಹುಡುಗಿಯ ಪಾಠವೆಂದರೆ ಮೈಯೆಲ್ಲ ಉರಿ.

ಅಶ್ವತ್ಥಮ್ಮ: ಎದುರುಮನೆ ದೊಡ್ಡಗಂಗಮ್ಮ ಏನಂದ್ಲು ಗೊತ್ತಾ? ‘ಗಂಡ ನೆಲದ ಮೇಲೆ ಒದ್ದಾಡ್ತಿದ್ರೆ ಕೈಕಟ್ಕೊಂಡು ನಿಂತಿರ್ತೀಯಂತೆ, ಏನೇ ಜಗಳ?’ ಅಂದ್ಲು.

ಶ್ಯಾಮಲ: ಶಕ್ತಿ ಬರ್ಲಿ ಅಂತ ಹಿಂಗೆ ಮಾಡ್ತಿದೀವಿ ಅನ್ಬೇಕಿತ್ತು.

ಅಶ್ವತ್ಥಮ್ಮ: ಅಂದೆ. ‘ಅವ್ರ ಕಾಲಿಗಾ, ನಿನ್ನ ನಾಲಿಗೆಗಾ?’ ಅಂದ್ಲು.

ಗಂಗುಲಪ್ಪ: ಅದಕ್ಕೆ ಎಕ್ಸರ್‌ಸೈಜು ಬೇಕಿಲ್ಲ ಬಿಡು.

ಅಶ್ವತ್ಥಮ್ಮ: ನೀವು ಸುಮ್ನಿರಿ! ಏಳಕ್ಕಾಗಲ್ಲ, ಮಾತಿಗೇನೂ ಕಮ್ಮಿಯಿಲ್ಲ.

ಶ್ಯಾಮಲ: ಮೊನ್ನೆ ಅಜ್ಜಿ ತೋಟಕ್ಕೆ ಹೋಗಿದ್ದಾಗ ನೀವೇ ಎದ್ರಲ್ಲ ತಾತ!

ಗಂಗುಲಪ್ಪ: ನಾನಾ? ಯಾವಾಗ? ಕನಸು ಕಂಡಿರ್ಬೇಕಮ್ಮ ನೀನು.

ಅಶ್ವತ್ಥಮ್ಮ: ನೋಡಿದ್ಯಾ, ಪಾಪ.

ಅಷ್ಟರಲ್ಲಿ ಮೇಷ್ಟ್ರು ಮುನಿರಾಮಪ್ಪ ಬಂದೇಬಿಟ್ಟರು. ಐವತ್ತು ದಾಟಿದ ದಪ್ಪ ದೇಹ, ಉಸಿರು ಬಿಗಿಹಿಡಿದು ಹಾಕಿಕೊಂಡ ಪ್ಯಾಂಟು. ಬೆಂಚಿನ ಮೇಲೆ ಕೂತು ಕಾಫಿ ಕುಡಿದು ಮೀಸೆ ಒರೆಸಿಕೊಂಡರು.

ಮುನಿರಾಮಪ್ಪ: ಎಲ್ಲಿ, ಪೇಷಂಟು ನೆಲದಿಂದ ಎದ್ದು ತೋರಿಸ್ಲಿ.

ಶ್ಯಾಮಲ: ತಾತ, ನಿಧಾನಕ್ಕೆ. ಬಲಕ್ಕೆ ಹೊರಳಿ...

ಗಂಗುಲಪ್ಪ: (ಕೈ ಚಾಚಿ) ಏನೇ... ಇಲ್ಲಿ ಬಾರೇ...

ಅಶ್ವತ್ಥಮ್ಮ ಬೆಳಗ್ಗಿನಿಂದ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಆದರೆ ಆ ದನಿ ಕೇಳಿದ್ದೇ ತಡ, ಕೈ ಅವಳ ಮಾತು ಕೇಳಲಿಲ್ಲ. ಒಂದೇ ಎಳೆತಕ್ಕೆ ಗಂಗುಲಪ್ಪ ಎದ್ದು ನಿಂತ.

ಮುನಿರಾಮಪ್ಪ: ಏನಮ್ಮಾ ಶ್ಯಾಮಲ, ಒಂದು ತಿಂಗಳು ಕಲಿಸಿದ್ದು ಇದೇನಾ?

ಶ್ಯಾಮಲ: ಸರ್, ಅವರಿಗೆ ಏಳೋಕೆ ಬರತ್ತೆ ಸರ್!

ಮುನಿರಾಮಪ್ಪ: ಕಣ್ಣಾರೆ ನೋಡಿದ್ನಲ್ಲ. ಫೇಲು.

ಹುಡುಗಿಯ ಕಣ್ಣು ತುಂಬಿ ಬಂತು. ಥೂ, ನನ್ನ ಕೈ ಸೇದಿಹೋಗ ಅಂತ ಅಶ್ವತ್ಥಮ್ಮ ತನ್ನನ್ನೇ ಬೈದುಕೊಂಡಳು.

ಅಶ್ವತ್ಥಮ್ಮ: ಎಳೆದಿದ್ದು ನಾನು ಮೇಷ್ಟ್ರೇ. ನನ್ನ ಫೇಲ್ ಮಾಡಿ.

ಮುನಿರಾಮಪ್ಪ: ನೆಲದಿಂದ ಏಳೋದೇನು ಬ್ರಹ್ಮವಿದ್ಯೆಯೇನಮ್ಮಾ? ಹೇಗೆ ಕಲಿಸಬೇಕು ಅಂತ ನಾನೇ ತೋರಿಸ್ತೀನಿ, ನೋಡಿ.

ಮೇಷ್ಟ್ರು ಚಾಪೆಯ ಮೇಲೆ ಕೂತರು. ಕೂರುವುದೇನೋ ಸಲೀಸಾಗಿ ಆಯಿತು. ಏಳೋಣವೆಂದು ಮುಂದಕ್ಕೆ ಬಾಗಿದರೆ ಹೊಟ್ಟೆ ಅಡ್ಡ ಬಂತು. ಹಿಂದಕ್ಕೆ ವಾಲಿದರೆ ಕಾಲುಗಳಷ್ಟೇ ಎದ್ದವು.

ಗಂಗುಲಪ್ಪ: ಪಾಠ ಶುರುವಾಯ್ತಾ ಮೇಷ್ಟ್ರೇ?

ಮುನಿರಾಮಪ್ಪ: ಪ್ಯಾಂಟು ಸ್ವಲ್ಪ ಬಿಗಿ... ಶ್ಯಾಮಲಾ, ಕೈ ಕೊಡಮ್ಮ.

ಶ್ಯಾಮಲ ಕೈ ಚಾಚಿದಳು. ಅಶ್ವತ್ಥಮ್ಮ ಅದರ ಮೇಲೆ ಪಟ್ಟನೆ ಹೊಡೆದಳು.

ಅಶ್ವತ್ಥಮ್ಮ: ಮುಟ್ಟೀಯ! ಎಳೆದ್ರೆ ಫೇಲು ಅಂತ ಅವ್ರೇ ಹೇಳಿದ್ದು!

ಮುನಿರಾಮಪ್ಪ: ಅದು ಪೇಷಂಟಿಗೆ ಕಣಮ್ಮಾ!

ಅಶ್ವತ್ಥಮ್ಮ: ಕೂತು ಏಳಕ್ಕಾಗದೋರ್ನ ಇನ್ನೇನಂತಾರೆ?

ಬಾಗಿಲಲ್ಲಿ ದೊಡ್ಡಗಂಗಮ್ಮನ ತಲೆ ಇಣುಕಿತು.

ದೊಡ್ಡಗಂಗಮ್ಮ: ಅಯ್ಯಯ್ಯೋ, ಈಗ ಪರಗಂಡಸ್ರನ್ನೂ ಕೆಡವಕ್ಕೆ ಶುರು ಮಾಡಿದ್ಲಾ!

ಅಶ್ವತ್ಥಮ್ಮ: ಹೂಂ ಕಣೇ, ನಿನ್ನ ಗಂಡನ್ನೂ ಕಳ್ಸು, ಜಾಗ ಇದೆ!

ಶ್ಯಾಮಲ ಕಣ್ಣು ಒರೆಸಿಕೊಂಡಳು. ಅವಳ ದನಿಯೇ ಬದಲಾಯಿತು.

ಶ್ಯಾಮಲ: ಸರ್, ಉಸಿರು ಹಿಡೀಬೇಡಿ. ಬಲಕ್ಕೆ ಹೊರಳಿ. ಮೊಣಕೈ ಊರಿ. ಈಗ ಅಂಬೆಗಾಲು.

ಮುನಿರಾಮಪ್ಪ: ಅಂಬೆಗಾಲಾ? ಇವರ ಮುಂದೆಯಾ?

ಗಂಗುಲಪ್ಪ: ನಾಚ್ಕೋಬೇಡಿ ಮೇಷ್ಟ್ರೇ, ಜೊತೆಗೆ ನಾನಿದೀನಿ.

ಹಾಗೆಂದವನು ಬೆಂಚು ಹಿಡಿದು ಕೆಳಗಿಳಿದೇಬಿಟ್ಟ. ಇಬ್ಬರು ಗಂಡಸರೂ ಅಂಬೆಗಾಲಿಟ್ಟು ಬೆಂಚಿನತ್ತ ಹೊರಟರು. ಗಂಗುಲಪ್ಪ ಮೊದಲು ಮುಟ್ಟಿದ. ಬೆಂಚಿನ ಮೇಲೆ ಕೈಯೂರಿ, ಒಂದು ಪಾದ ನೆಲಕ್ಕೆ ಕೊಟ್ಟು, ದೇಹವನ್ನು ಮೇಲಕ್ಕೆ ತಳ್ಳಿ ನೆಟ್ಟಗೆ ನಿಂತ. ಅಶ್ವತ್ಥಮ್ಮನಿಗೆ ಅಳುವೂ ಬಂತು, ಸಿಟ್ಟೂ ಬಂತು. ಇಷ್ಟು ದಿನ ಎಳೆದೂ ಎಳೆದೂ ಅವಳ ಸೊಂಟ ಬಿದ್ದುಹೋಗಿತ್ತಲ್ಲ!

ಅಶ್ವತ್ಥಮ್ಮ: ಬರ್ತಿತ್ತಾ ನಿಮ್ಗೆ! ಮತ್ತೆ ನನ್ ಕೈಲಿ ಯಾಕೆ ಎಳಿಸ್ಕೊಳ್ತಿದ್ರಿ?

ಗಂಗುಲಪ್ಪ: ಇನ್ಯಾವಾಗ ನನ್ನ ಕೈ ಹಿಡ್ಕೊಳ್ತೀಯೇ ನೀನು?

ಅಶ್ವತ್ಥಮ್ಮನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಸುಮ್ಮನೆ ಕಾಫಿ ಲೋಟ ಎತ್ತಿಕೊಂಡಳು, ಮತ್ತೆ ಅಲ್ಲೇ ಇಟ್ಟಳು.

ಮುನಿರಾಮಪ್ಪ: (ಮಂಡಿಯ ಮೇಲೆ) ನಿಮ್ಮ ಸಂಸಾರ ಆಮೇಲೆ ಮಾಡ್ಕೊಳ್ಳಿ! ಶ್ಯಾಮಲಾ, ಮುಂದೇನಮ್ಮಾ?

ಶ್ಯಾಮಲ: ಎಡಗಾಲು ಮುಂದಿಡಿ ಸರ್. ಕೈಯೂರಿ. ತಳ್ಳಿ.

ಮೇಷ್ಟ್ರು ಎದ್ದರು. ಎದ್ದವರೇ ಬೆವರು ಒರೆಸಿಕೊಂಡು, ಪ್ಯಾಂಟಿನ ಹಿಂಭಾಗ ಮುಟ್ಟಿ ನೋಡಿಕೊಂಡರು.

ಮುನಿರಾಮಪ್ಪ: ಪಾಸಮ್ಮ, ಪಾಸು. ಇಲ್ಲಿ ಆಗಿದ್ದು ಕಾಲೇಜಲ್ಲಿ ಹೇಳ್ಬೇಡ. ತಾತಾ, ನೀವು ದಿನಾ ಹೀಗೇ ಏಳ್ಬೇಕು.

ಮೇಷ್ಟ್ರು ಬಸ್ಸಿಗೆ ಹೊರಟದ್ದೇ ಗಂಗುಲಪ್ಪ ಚಾಪೆಯ ಮೇಲೆ ಮತ್ತೆ ಕುಕ್ಕರಿಸಿದ.

ಗಂಗುಲಪ್ಪ: ದಿನಾನಾ? ನಾನಾಗೇ ಎದ್ರೆ ನನಗೇನ್ ಲಾಭ?

ಅಶ್ವತ್ಥಮ್ಮ: ಮೊದ್ಲು ಎದ್ದೇಳಿ. ಎದ್ಮೇಲೆ ಹಿಡ್ಕೊಳ್ತೀನಿ. ಶ್ಯಾಮಲಾ, ನೀನು ಆ ಕಡೆ ತಿರುಗಮ್ಮ.