ಚೀಲ ಕಳೆದು ಅರವತ್ತೈದು

ತಕ್ಕಡಿ ಇರುವ ಅಂಗಡಿಗೆ ಮಾಲು ಬಾರದ ದಿನ ಇರಬಹುದು, ವಾದ ಬಾರದ ದಿನ ಇಲ್ಲ. ಮಹಾಲಿಂಗಪುರದ ಪೇಟೆಯಲ್ಲಿ ಬೆಲ್ಲ, ಜೋಳ ತೂಗಿ ಮಾರಿಕೊಡುವ ಅಡತ್ ಅಂಗಡಿ ಇಟ್ಟುಕೊಂಡು ಕೂತ ಇಷ್ಟು ವರ್ಷಗಳಲ್ಲಿ ನಾನು ಕೇಳಿದ ವಾದಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು. ಅದರಲ್ಲಿ ನಗುವಂಥದ್ದೇ ಬಹಳ. ಎಲ್ಲರೂ ನಗುತ್ತಿದ್ದರು, ನಾನು ಮಾತ್ರ ಹುಳ್ಳಗೆ ಹಲ್ಲು ಕಿರಿಯುತ್ತಿದ್ದೆ. ಯಾಕೆಂದು ಹೇಳುತ್ತೇನೆ.

೧. ಹದಿನೆಂಟು ರೊಟ್ಟಿ

ಮೂವತ್ತು ವರ್ಷದ ಹಿಂದೆ ನಮ್ಮೂರಲ್ಲಿ ಮೊದಲ ಸಲ ತೂಕ ನೋಡಿ ಕುಸ್ತಿ ಇಟ್ಟರು. ಅದಕ್ಕೂ ಮುಂಚೆ ಹಿರಿಯರು ಕಣ್ಣಳತೆಯಲ್ಲೇ ಜೋಡಿ ಹಚ್ಚುತ್ತಿದ್ದರು. ಅರವತ್ತೈದು ಕಿಲೋ ಒಳಗಿನವರ ಕೊನೆಯ ಕುಸ್ತಿಯಲ್ಲಿ ಮುಧೋಳದ ಪೈಲ್ವಾನ ಬನಹಟ್ಟಿಯ ಪೈಲ್ವಾನನನ್ನು ಚಿತ್ ಮಾಡಿ ಬೆಳ್ಳಿ ಗದೆ ಒಯ್ದ. ಮುಂದೆ ಬನಹಟ್ಟಿಯವನು ಜಮಖಂಡಿಯಲ್ಲಿ, ಬೀಳಗಿಯಲ್ಲಿ ಸಾಲುಸಾಲಾಗಿ ಕುಸ್ತಿ ಗೆದ್ದ. ಆದರೆ ಇಬ್ಬರೂ ಮತ್ತೆ ಎದುರಾಗಲಿಲ್ಲ. ಹೀಗಾಗಿ ಇಬ್ಬರಲ್ಲಿ ದೊಡ್ಡವನು ಯಾರು ಎಂಬ ಪ್ರಶ್ನೆ ನನ್ನ ಅಂಗಡಿಯ ಕಟ್ಟೆಯ ಮೇಲೆ ಕಾಯಂ ಆಗಿ ಉಳಿಯಿತು.

ಮುಧೋಳದ ಪರ ಒಬ್ಬ ನಿವೃತ್ತ ಕಂಡಕ್ಟರ್. ಬನಹಟ್ಟಿಯ ಪರ ರಬಕವಿಯ ಹಿಟ್ಟಿನ ಗಿರಣಿಯವ. ಇಬ್ಬರೂ ಶಾಲೆಯಲ್ಲಿ ಒಂದೇ ಬೆಂಚಿನವರು.

"ನಮ್ಮಾಂವ ಒಂದ್ ಹೊತ್ತಿಗೆ ಹದಿನೆಂಟು ರೊಟ್ಟಿ ತಿಂತಿದ್ದ," ಎಂದ ಕಂಡಕ್ಟರ್.

"ರೊಟ್ಟಿ ತಿಂದದ್ದಕ್ಕ ಗದಾ ಕೊಡೂದಾದ್ರ ನಿಮ್ಮ ಬೀಗರಿಗೆ ಎರಡು ಕೊಡಬೇಕಿತ್ತಲೇ," ಎಂದ ಗಿರಣಿಯವ.

ಕಂಡಕ್ಟರ್ ಬೆರಳು ಮಡಚಿ ಏನೋ ಲೆಕ್ಕ ಹಾಕಿದ. ಆಮೇಲೆ, "ಅವರು ಅರವತ್ತೈದು ಕಿಲೋದೊಳಗ ಬರೂದಿಲ್ಲ," ಎಂದ.

೨. ಲಂಗೋಟಿಯ ತೂಕ

ವಾದ ಮುಗಿಯದಿದ್ದಾಗ ಇಬ್ಬರೂ ನನ್ನ ಕಡೆ ತಿರುಗುತ್ತಿದ್ದರು. "ಸಾವಕಾರ್ರ, ನೀವ ಹೇಳ್ರಿ. ಅವತ್ತು ತೂಗಿದವ್ರು ನೀವು."

ಹೌದು, ತೂಗಿದವನು ನಾನು. ಊರಲ್ಲಿ ನಂಬಿಕೆಯ ಕಾಟಾ, ಮುಳ್ಳಿನ ತೂಕದ ಯಂತ್ರ ಅಂದರೆ ನನ್ನ ಅಂಗಡಿಯದು. ಪೈಲ್ವಾನರೆಲ್ಲ ಬರಿಮೈಯಲ್ಲಿ, ಲಂಗೋಟಿ ಕಟ್ಟಿಕೊಂಡು ಒಬ್ಬೊಬ್ಬರಾಗಿ ಕಾಟಾದ ಮೇಲೆ ನಿಂತರು. ನಾನು ಕೂಗಿದೆ, ಪಂಚರು ಬರೆದುಕೊಂಡರು.

ನಮ್ಮ ಕಸುಬಿನ ರೂಢಿ ಒಂದಿದೆ. ಚೀಲ ಕಾಟಾದ ಮೇಲೆ ಬಂದರೆ ಮುಳ್ಳು ನೋಡುವುದು, ಗೋಣಿಚೀಲಕ್ಕೆಂದು ಒಂದು ಕಿಲೋ ಕಳೆಯುವುದು, ಉಳಿದದ್ದನ್ನು ಕೂಗುವುದು. ಮೂರೂ ಒಂದೇ ಉಸಿರಿನಲ್ಲಿ ಆಗುತ್ತವೆ, ತಲೆಗೆ ಕೆಲಸವಿಲ್ಲ. ಕುಸ್ತಿಯ ಮರುದಿನ ಜೋಳ ತೂಗುವಾಗ ಮುಳ್ಳು ನೂರರ ಮೇಲಿತ್ತು, ನನ್ನ ಬಾಯಿ ತೊಂಬತ್ತೊಂಬತ್ತು ಅಂದಿತು. ಕೈಯಲ್ಲಿದ್ದ ಪೆನ್ನು ಅಲ್ಲೇ ನಿಂತಿತು. ಹಿಂದಿನ ದಿನ ಮುಧೋಳದವನು ಕಾಟಾ ಹತ್ತಿದಾಗ ಮುಳ್ಳಿನ ಗಾಜಿನ ಮೇಲೆ ಒಂದು ನೊಣ ಕೂತಿತ್ತು, ಅದನ್ನು ಓಡಿಸಿ ಮುಳ್ಳು ನೋಡಿದ್ದೆ. ಮುಳ್ಳು ಅರವತ್ತಾರರ ಮೇಲಿತ್ತು. ನಾನು ಕೂಗಿದ್ದು ಅರವತ್ತೈದು. ಉಳಿದವರ ಮುಳ್ಳು ಎಲ್ಲಿತ್ತೋ ನೆನಪಿಲ್ಲ. ಗೆದ್ದವನು ಅವನು, ನೆನಪೂ ಅವನದೇ ಉಳಿಯಿತು.

ಅಂದರೆ ಕುಸ್ತಿಗೆ ಇಳಿಯಲೇಬಾರದಿದ್ದವನನ್ನು ಇಳಿಸಿದ್ದೆ. ಬನಹಟ್ಟಿಯವನ ಗದೆಯನ್ನು ನನ್ನ ಬಾಯಿ ಕಸಿದುಕೊಂಡಿತ್ತು. ಅವತ್ತೇ ಹೇಳಬೇಕಿತ್ತು. ಹೇಳಲಿಲ್ಲ. ಕಾಟಾ ಇಟ್ಟವನು ತಪ್ಪು ತೂಗಿದೆ ಅಂತ ಒಮ್ಮೆ ಒಪ್ಪಿಕೊಂಡರೆ ಮರುದಿನ ಯಾವ ರೈತ ಅವನ ಮುಂದೆ ಚೀಲ ಇಳಿಸುತ್ತಾನೆ?

ಪೇಟೆಯಲ್ಲಿ ನನಗಿಂತ ಚಾಲಾಕು ವ್ಯಾಪಾರಿಗಳು ಬೇಕಾದಷ್ಟು ಇದ್ದಾರೆ. ಆದರೆ ಲಂಗೋಟಿಗೆ ಒಂದು ಕಿಲೋ ಕಳೆದವನು ಈ ಸೀಮೆಯಲ್ಲಿ ನಾನೊಬ್ಬನೇ.

೩. ಹತ್ತು ಎಣಿಸುವ ಆಟ

ಹೋದ ವರ್ಷ ಬೀಳಗಿಯ ಕಡೆಯ ಒಬ್ಬ ಆಟದ ಮಾಸ್ತರರು ಬೆಲ್ಲ ಒಯ್ಯಲು ಬಂದವರು ವಾದ ಕೇಳಿ ಕೂತುಬಿಟ್ಟರು. ಮೊಬೈಲು ತೆಗೆದು ಯಾವುದೋ ದೇಶದ ಬಾಕ್ಸಿಂಗ್ ತೋರಿಸಿದರು.

"ಇವರು ಅರವತ್ಮೂರುವರಿ ಕಿಲೋದೊಳಗಿನವ್ರು. ಹಳೇ ಚಾಂಪಿಯನ್ನರೊಳಗ ಯಾರು ದೊಡ್ಡವ್ರು ಅಂತ ಅಲ್ಲೂ ನಿಮ್ಮಂಗ ಬಡಿದಾಡ್ತಾರ. ಆದ್ರ ತೂಕದ್ದು ಭಾಳ ಕಡಕ್. ಚೂರು ಹೆಚ್ಚಾದ್ರೂ ಗೆದ್ದಾಂವಗ ಚಾಂಪಿಯನ್ನನ ಸೊಂಟದ ಪಟ್ಟಾ ಕೊಡೂದಿಲ್ಲ."

ನಾನು ಎದ್ದು ಒಳಗೆ ಹೋಗಿ ನೀರು ಕುಡಿದು ಬಂದೆ. ಅಷ್ಟರಲ್ಲಿ ಮೊಬೈಲಿನಲ್ಲಿ ಒಬ್ಬ ಬಿದ್ದಿದ್ದ.

"ಬಿದ್ದನಲ್ಲ, ಮುಗೀತಲ್ರಿ?" ಎಂದ ಗಿರಣಿಯವ.

"ಇಲ್ಲ. ಹತ್ತು ಎಣಿಸ್ತಾರ. ಅಷ್ಟರೊಳಗ ಎದ್ರ ಮತ್ತ ಆಟ ಐತಿ."

ಗಿರಣಿಯವನ ಮುಖ ಅರಳಿತು. "ಹಂಗಾದ್ರ ನಮ್ಮಾಂವ ಸೋತೇ ಇಲ್ಲ. ಬೆನ್ನಿಗೆ ಮಣ್ಣು ಹತ್ತಿದ ಮ್ಯಾಲೆ ನಾಲ್ಕು ಎಣಿಸೂದ್ರೊಳಗ ಎದ್ದಾನ. ನಾ ಕಣ್ಣಾರೆ ನೋಡೇನಿ."

"ಎದ್ದದ್ದು ಖರೆ," ಎಂದ ಕಂಡಕ್ಟರ್. "ಊರಿಗೆ ಹೋಗೂ ಬಸ್ಸು ಹೊಂಟಿತ್ತು. ಟಿಕೆಟ್ ಹರಿದಾಂವ ನಾನ."

೪. ಮಳಿ ಬರೂ ಹಂಗ ಐತಿ

ಇದು ನಗುವ ಪ್ರಸಂಗವೇ, ಆದರೆ ಕಟ್ಟೆಯ ಮೇಲೆ ಯಾರಿಗೂ ಇದನ್ನು ಹೇಳಿಲ್ಲ.

ಮುಧೋಳದ ಪೈಲ್ವಾನ ವರ್ಷಕ್ಕೆ ಒಂದೆರಡು ಸಲ ಜೋಳ ತರುತ್ತಿದ್ದ. ನಾನು ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಸುಳ್ಳು ಗದೆ ಎಂದು ನನ್ನ ಮನಸ್ಸು. ಒಂದು ಸಲ ಬೇಸಿಗೆಯಲ್ಲಿ, ಕಟ್ಟೆ ಮೇಲೆ ಯಾರೂ ಇಲ್ಲದ ಹೊತ್ತು ನೋಡಿ ಹತ್ತಿರ ಬಂದು ಕೂತ. ಮೊಣಕಾಲು ಹಿಡಿದುಕೊಂಡೇ ಕೂತ, ವಯಸ್ಸಾಗಿತ್ತು.

"ಸಾವಕಾರ್ರ, ಮಂದಿ ಏನರೆ ಅನ್ಲಿ. ನೀವು ತೂಗಿದವ್ರು. ನಾ ಗೆದ್ದದ್ದು ಖರೆ ಅಂತ ನೀವರೆ ಒಂದ್ ಮಾತು ಹೇಳ್ರಲ್ಲ."

ನಾನು ಹೊರಗೆ ನೋಡಿ, "ಮಳಿ ಬರೂ ಹಂಗ ಐತಿ ನೋಡ," ಎಂದೆ.

ಅವನೂ ಹೊರಗೆ ನೋಡಿದ. ರಸ್ತೆಯ ಡಾಂಬರು ಕರಗಿ ಎತ್ತಿನ ಕಾಲಿಗೆ ಹತ್ತುತ್ತಿತ್ತು. "ಹೌದ್ರಿ," ಎಂದ ಪಾಪ, "ಲಗೂನ ಹೊಂಡ್ತೇನಿ."

೫. ಟವೆಲ್

ಈ ವರ್ಷ ಮುಧೋಳದ ಪೈಲ್ವಾನ ತೀರಿಕೊಂಡ. ಮಣ್ಣಿಗೆ ಹೋದೆ, ಹಿಂದೆ ನಿಂತು ಬಂದೆ.

ಬನಹಟ್ಟಿಯವನು ಮಗ್ಗದ ಮನೆತನದವನು. ಸೋತ ವರ್ಷದಿಂದ ಪ್ರತಿ ದೀಪಾವಳಿಗೆ ತನ್ನ ಮಗ್ಗದ ಒಂದು ಜೋಡಿ ಟವೆಲ್ ನನಗೆ ತಂದು ಕೊಡುತ್ತಿದ್ದ. ನಾನು ಒಂದರಲ್ಲೂ ಮೈ ಒರೆಸಿಕೊಳ್ಳಲಿಲ್ಲ. ಮೋಸ ಹೋದವನು ಕೊಟ್ಟ ಬಟ್ಟೆ ಎಂದು ಅಂಗಡಿಯ ಕಪಾಟಿನಲ್ಲೇ ಒಟ್ಟಿದ್ದೆ. ಈ ಸಲ ಅವನು ಬಂದಾಗ ಬಾಗಿಲು ಮುಂದೆ ಮಾಡಿ, ನೊಣದಿಂದ ಹಿಡಿದು ಎಲ್ಲ ಹೇಳಿದೆ. "ಆ ಗದಾ ನಿಂದು. ನನ್ನ ತಪ್ಪಿಗೆ ಹೋತು," ಎಂದೆ.

ಅವನು ಎದ್ದು ಕಾಟಾದ ಹತ್ತಿರ ಹೋಗಿ ನಿಂತ.

"ಸಾವಕಾರ್ರ, ನಾ ಕಾಟಾ ಹತ್ತಿದಾಗ ಮುಳ್ಳು ಎಲ್ಲಿತ್ತು ಗೊತ್ತೇನ್ರಿ? ಅರವತ್ತಾರು. ಊರಿಗೆ ಹೆಂಗ ಮುಖಾ ತೋರಿಸ್ಲಿ ಅಂತ ನಿಂತಿದ್ದೆ. ನೀವು ಅರವತ್ತೈದು ಅಂತ ಕೂಗಿದ್ರಿ."

ಅವತ್ತು ಕಾಟಾ ಹತ್ತಿದವರಿಗೆಲ್ಲ ನಾನು ಚೀಲ ಕಳೆದಿದ್ದೆ. ಎಲ್ಲರಿಗೂ ಒಂದೇ ಅಳತೆ. ಕುಸ್ತಿ ಸರಿಯಾಗಿಯೇ ಆಗಿತ್ತು, ಗೆದ್ದವನು ಸರಿಯಾಗಿಯೇ ಗೆದ್ದಿದ್ದ.

"ಅಂವಗೂ ಕಣ್ಣಿದ್ದುವಲ್ರಿ," ಎಂದ ಬನಹಟ್ಟಿಯವನು. "ತನ್ನ ಮುಳ್ಳು ಅಂವನೂ ನೋಡಿರ್ತಾನ."

ಆಗ ಆ ಬೇಸಿಗೆಯ ಮಧ್ಯಾಹ್ನ ನೆನಪಾಯಿತು. ಮುಧೋಳದವನು ಹೊಗಳಿಕೆ ಕೇಳಲು ಬಂದಿರಲಿಲ್ಲ. ನನ್ನ ಹಾಗೆ ಅವನೂ ಆ ಒಂದು ಕಿಲೋ ಹೊತ್ತುಕೊಂಡು ತಿರುಗಿದ್ದ. ಅದನ್ನು ಇಳಿಸಬಹುದಾಗಿದ್ದವನು ನಾನೊಬ್ಬನೇ, ನಾನು ಮಳೆ ತೋರಿಸಿದ್ದೆ.

"ಮತ್ತ ಈ ಟವೆಲ್ ಯಾಕ ತರ್ತಿದ್ದಿ?" ಎಂದೆ.

"ಯಾಕಂದ್ರ? ನೇಕಾರನ ಮಗ ಅಂತ ಕರುಣಾ ಬಂದು ಒಂದ್ ಕಿಲೋ ಬಿಟ್ರಿ ಅಂತ ತಿಳಿದಿದ್ದೆ. ಆ ಉಪಕಾರಕ್ಕ." ಆಮೇಲೆ ಅನುಮಾನದಿಂದ ಕೇಳಿದ: "ಹಂಗಾದ್ರ ಅದು ಕರುಣಾ ಅಲ್ಲೇನ್ರಿ?"

"ಅಲ್ಲಪಾ. ರೂಢಿ."

"ಹಂಗಾದ್ರ ಟವೆಲ್ ವಾಪಸ್ ಕೊಡ್ರಿ."

ತಮಾಷೆ ಅಂದುಕೊಂಡೆ. ಅಲ್ಲ. "ಗೆದ್ದಾಂವನ ಮನಿಗೆ ಕೊಡೂನು," ಎಂದ. "ಮುಧೋಳಕ್ಕ ನೀವೂ ಬರ್ರಿ. ಅಂವಗ ಹೇಳದ ಮಾತು ಅವನ ಹೇಣ್ತಿ ಮುಂದರೆ ಹೇಳ್ರಿ."

ಕಪಾಟು ತೆಗೆದು ಎಲ್ಲವನ್ನೂ ಒಂದು ಗೋಣಿಚೀಲದಲ್ಲಿ ತುಂಬಿ ಬಾಯಿ ಹೊಲಿದೆ. ಎತ್ತಿ ಕಾಟಾದ ಮೇಲೆ ಇಟ್ಟೆ, ಕೈ ರೂಢಿ. ಮುಳ್ಳು ನೋಡಿದೆ. ಮೂವತ್ತು ವರ್ಷದ ಈ ಪಂಚಾಯ್ತಿಯಲ್ಲಿ ಮೊದಲ ಸಲ ಕಾಟಾದ ಮೇಲೆ ಖರೆಖರೆ ಒಂದು ಚೀಲ ಇತ್ತು. ಕೂಗಲು ಬಾಯಿ ತೆರೆದೆ.

ಬನಹಟ್ಟಿಯ ಪೈಲ್ವಾನ ನನ್ನ ಭುಜದ ಮೇಲೆ ಕೈ ಇಟ್ಟ.

"ಸಾವಕಾರ್ರ, ಚೀಲ ಕಳೀಬ್ಯಾಡ್ರಿ."